ದೊಡ್ಡವರ ಸರದಿ

"ಮುಂದೆ ಬನ್ನಿ ಸಾರ್, ನೀವೇ ಮಾತು ಶುರು ಮಾಡ್ಬೇಕು," ಎಂದು ಮಗ ದೊಡ್ಡ ಡಾಕ್ಟರರನ್ನು ಹೆಚ್ಚುಕಡಿಮೆ ಕೈಹಿಡಿದು ಎಳೆಯುತ್ತಿದ್ದ. ಅವರು ಜಗ್ಗಲಿಲ್ಲ.

ಸ್ಮಶಾನದಲ್ಲಿ ಅಮ್ಮನ ಶವದ ಸುತ್ತ ಆಸ್ಪತ್ರೆಗೆ ಆಸ್ಪತ್ರೆಯೇ ನೆರೆದಿತ್ತು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವಳು ಆಯಸ್ಸೆಲ್ಲ 'ಹೂಂ ಸಾರ್, ಆಯ್ತು ಸಾರ್' ಎಂದೇ ಸವೆದಳೆಂಬುದು ಮಗನ ಸಂಕಟ. ಇವತ್ತಾದರೂ ದೊಡ್ಡವರೊಬ್ಬರ ಬಾಯಲ್ಲಿ ಅವಳ ಬಗ್ಗೆ ಎರಡು ಒಳ್ಳೆಯ ಮಾತು ಬರಬೇಕು. ಅಷ್ಟಕ್ಕಾಗಿ ಬೆಳಗಿನಿಂದ ನಿಂತಲ್ಲಿ ನಿಲ್ಲದೆ ಓಡಾಡಿದ್ದ.

"ನನ್ನ ಸರದಿ ಕೊನೆಗಪ್ಪಾ," ಎಂದರು ಡಾಕ್ಟರ್.

ಮಗನ ಮುಖ ಸಪ್ಪಗಾಯಿತು. ಸತ್ತ ಮೇಲೂ ಅಮ್ಮನ ಬೆಲೆ ಇಷ್ಟೇನಾ?

ವಾರ್ಡಿನ ಆಯಾ ಅವನ ತೋಳು ಹಿಡಿದಳು. "ಬೇಜಾರ್ ಮಾಡ್ಕೋಬೇಡ ಕಣಪ್ಪಾ. ಅದು ನಿಮ್ಮಮ್ಮ ಮಾಡಿದ ರೂಲ್ಸು."

*

ವರ್ಷಗಳ ಹಿಂದೆ ವಾರ್ಡಿಗೆ ಹೊಸ ಉಸಿರಾಟದ ಯಂತ್ರ ಬಂದಿತ್ತು. ಕಂಪನಿಯವನು ಗಡಿಬಿಡಿಯಲ್ಲಿ ತೋರಿಸಿ ಕೈತೊಳೆದುಕೊಂಡಿದ್ದ. ಎಲ್ಲರೂ ಕೂತು ಕಲಿಯೋಣವೆಂದು ಅಮ್ಮ ಸಭೆ ಕರೆದಳು. ಎಂದಿನಂತೆ ಡಾಕ್ಟರ್ ಮಾತು ಶುರುಮಾಡಿದರು.

"ಸಾರ್, ನೀವು ಮೊದ್ಲು ಮಾತಾಡಿದ್ರೆ ನಮ್ಮ ಬಾಯಿಗೆ ಬೀಗ. ಹೊಸಬರು ಮೊದ್ಲು ಮಾತಾಡ್ಲಿ, ದೊಡ್ಡೋರು ಕೊನೆಗೆ," ಎಂದಳು ಅಮ್ಮ. ಕೆಲಸ ಹೋದರೂ ಹೋಗಬಹುದಿತ್ತು. ಡಾಕ್ಟರ್ ಕೆಂಪಗಾದರು, ಆದರೆ ಕೂತರು.

ಆಗಷ್ಟೇ ಕೆಲಸಕ್ಕೆ ಸೇರಿದ್ದ ಇದೇ ಆಯಾ ತುಟಿಪಿಟಕ್ಕೆನ್ನಲಿಲ್ಲ. ಎಲ್ಲರೂ ಕಾದರು. ಕೊನೆಗೂ ಬಾಯಿಬಿಟ್ಟಳು: "ನಂಗೊಂದೂ ಅರ್ಥ ಆಗ್ಲಿಲ್ಲ."

"ನಂಗೂ," ಎಂದಳು ಪಕ್ಕದ ನರ್ಸ್.

"ನಂಗೂನು," ಎಂದ ಕಾಂಪೌಂಡರ್.

ಸರದಿ ಡಾಕ್ಟರರ ತನಕ ಬಂತು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ನನಗೂ," ಎಂದರು.

ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಎಲ್ಲರೂ ಯಂತ್ರದ ಸುತ್ತ ಕೂತು ಮೊದಲಿನಿಂದ ಕಲಿತರು.

*

"ಅಮ್ಮ... ಇವರಿಗೆ ಹಾಗಂದ್ಲಾ?"

"ಹೂಂ ಮತ್ತೆ! ಅವತ್ತಿಂದ ನಮ್ಮಲ್ಲಿ ಅದೇ ಪದ್ಧತಿ."

ಮಗ ಬೆರಗಾಗಿ ಅಮ್ಮನ ಮುಖ ನೋಡಿದ. ದಿನಾ ಊಟಕ್ಕೆ ಬಡಿಸಿದ ಈ ಹೆಂಗಸು ಇಷ್ಟು ಗಟ್ಟಿಗಿತ್ತಿಯೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಹಾಗಾದ್ರೆ ಈಗ ಮೊದ್ಲು ಯಾರು?"

"ಇನ್ಯಾರು? ನಮ್ಮ ಗುಂಪಿಗೆ ಇವತ್ತು ಹೊಸಬ ನೀನೇ."

ಮಗ ಬಾಯಿ ತೆರೆದರೂ ಮಾತು ಹೊರಡಲಿಲ್ಲ. ಯಾರೂ ಅವಸರಿಸಲಿಲ್ಲ. ಸುಡುವ ಬಿಸಿಲಿನಲ್ಲಿ, ಆಂಬುಲೆನ್ಸ್ ಡ್ರೈವರುಗಳ ನಡುವೆ ಜಾಗ ಮಾಡಿಕೊಂಡು ದೊಡ್ಡ ಡಾಕ್ಟರರು ನೆಲದ ಮೇಲೆ ಕೂತರು. ಕೈಕಟ್ಟಿ, ಅವನ ಬಾಯನ್ನೇ ನೋಡುತ್ತ ಕಾದರು.