ಟ್ಯಾಂಕಿನೊಳಗೆ ಗುಬ್ಬಿ

ಇಬ್ಬರಲ್ಲಿ ಚಿಕ್ಕವಳನ್ನು ಮನೆಮಂದಿಯೆಲ್ಲ ಗುಬ್ಬಿ ಎಂದೇ ಕರೆಯುತ್ತಿದ್ದರು. ಆಳೂ ಅಷ್ಟೇ ಇದ್ದಳು. ದೊಡ್ಡವಳು ಅವಳ ದೊಡ್ಡಪ್ಪನ ಮಗಳು, ಗುಬ್ಬಿಯ ಬಾಯಲ್ಲಿ ಬರೀ ಅಕ್ಕ. ಒಂದೇ ಕಾಲೇಜಿನವರು. ರಜೆಯಲ್ಲಿ ಸ್ವಯಂಸೇವಕರ ತಂಡದ ಜೊತೆ ದೂರದೇಶದ ಈ ಬೆಟ್ಟದ ಹಳ್ಳಿಗೆ ಬಂದಿದ್ದರು.

ಉಳಿದವರೆಲ್ಲ ಶಾಲೆಗೆ ಸುಣ್ಣ ಬಳಿಯುತ್ತಿದ್ದರೆ, ಇವರ ಪಾಲಿಗೆ ಊರ ಮೇಲಿನ ನೀರಿನ ಟ್ಯಾಂಕು ತೊಳೆಯುವ ಕೆಲಸ ಬಿತ್ತು. ಹಳೆಯ ಕಾಂಕ್ರೀಟ್ ಟ್ಯಾಂಕು, ಎರಡಾಳು ಆಳ. ಮೇಲ್ಗಡೆ ಒಬ್ಬರು ತೂರುವಷ್ಟು ಕಿಂಡಿ, ಒಳಗೋಡೆಗೆ ಕಬ್ಬಿಣದ ಮೆಟ್ಟಿಲು. ಕೆಸರು ಮನೆಗಳಿಗೆ ಇಳಿಯದಂತೆ ತಳದ ತೂತಿಗೆ ಮರದ ಬಿರಡೆ ಜಡಿದಿದ್ದರು. ನೀರು ಬಿಡುವ ವಾಲ್ವು ಇನ್ನೂ ಮೇಲೆ, ಇಳಿಜಾರಿನಲ್ಲಿತ್ತು. ಬೆಳಿಗ್ಗೆ ಊರಿನ ನೀರುಗಂಟಿ ಅದನ್ನು ಮುಚ್ಚಿ, ಕೈಸನ್ನೆಯಲ್ಲೇ ಇಳಿಯಿರಿ ಎಂದಿದ್ದ. ಅವನ ಭಾಷೆ ಇವರಿಗೆ ಬಾರದು. ಇಲ್ಲಿಗೆ ಬಂದ ಮೇಲೆ ಕಲಿತ ಹತ್ತಾರು ಪದಗಳೇ ಬಂಡವಾಳ.

ಗುಬ್ಬಿ ಒಳಗಿಳಿದು ಪಾಚಿ ಉಜ್ಜಿದಳು. ಅಕ್ಕ ಮೇಲೆ ಕೂತು ಕೆಸರಿನ ಬಕೆಟ್ಟನ್ನು ಹಗ್ಗದಲ್ಲಿ ಎಳೆದು ಸುರಿದಳು.

"ಆಯ್ತೇನೇ?"

"ಇನ್ನೊಂದು ಮೂಲೆ. ನೀನು ರಾಣಿ ಥರ ಕೂತಿರು, ಪರವಾಗಿಲ್ಲ."

ಅಕ್ಕ ನಗುತ್ತ, ಕೆಲಸ ಮುಗಿದ ಬ್ರಷ್ಷುಗಳನ್ನು ಟ್ಯಾಂಕಿನ ಮೇಲೆ ಸಾಲಾಗಿ ಹರವಿದಳು. ಮೇಲಿನಿಂದ ಅವನ್ನು ನೋಡಿದ ನೀರುಗಂಟಿ ತೊಳೆದಾಯಿತೆಂದೇ ತಿಳಿದುಕೊಂಡ. ಅಷ್ಟರಲ್ಲಿ ಬೆಟ್ಟದಿಂದ ಮಂಜು ಇಳಿದು ಕಣ್ಣೆದುರಿನ ದಾರಿಯನ್ನೂ ಮುಚ್ಚಿಬಿಟ್ಟಿತು.

ಒಳಗೆ ಪೈಪು ಬುಸ್ಸೆಂದಿತು. ಮರುಕ್ಷಣ ನೀರು ಧುಮುಕಿತು.

"ಅಕ್ಕಾ! ನೀರು ಬಿಟ್ರು!"

"ಹತ್ತು, ಬೇಗ ಹತ್ತು!"

ಗುಬ್ಬಿ ಮೆಟ್ಟಿಲಿಗೆ ಕಾಲಿಟ್ಟಳು. ವರ್ಷಗಟ್ಟಲೆ ನೀರಲ್ಲಿ ನೆನೆದ ಕಬ್ಬಿಣ ಹಪ್ಪಳದಂತೆ ಮುರಿಯಿತು. ಅದರ ಮೇಲಿನದೂ ಗೋಡೆಯಿಂದ ಕಿತ್ತುಕೊಂಡು ಬಂತು. ಗಟ್ಟಿಯಿದ್ದ ಮೆಟ್ಟಿಲು ಅವಳ ಕೈಗೆಟುಕಲಿಲ್ಲ.

ಅಕ್ಕ ಮಂಜಿನತ್ತ ತಿರುಗಿ ಗಂಟಲು ಹರಿಯುವಂತೆ ಕೂಗಿದಳು. ಆ ಭಾಷೆಯಲ್ಲಿ 'ಸಾಕು' ಎಂಬುದಕ್ಕೂ 'ಇನ್ನೂ' ಎಂಬುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಗಾಬರಿಯಲ್ಲಿ ಯಾವುದು ಬಾಯಿಗೆ ಬಂತೋ! ಮಂಜಿನೊಳಗಿಂದ ನೀರುಗಂಟಿ ಆಗಲಿ ಎಂಬಂತೆ ಓಗೊಟ್ಟ. ನೀರಿನ ಧಾರೆ ತೋಳಿನಷ್ಟು ದಪ್ಪವಾಯಿತು.

"ನಿಲ್ಸಿ! ನಿಲ್ಸೀ!" ಅಕ್ಕ ಕನ್ನಡದಲ್ಲೇ ಅರಚಿದಳು. ಹೆಚ್ಚಿದ ನೀರಿನ ಮೊರೆತದಲ್ಲಿ ಅದು ಮೇಲಕ್ಕೆ ಕೇಳಿಸಲಿಲ್ಲ.

"ನಾನೇ ಓಡಿ ಹೋಗಿ ನಿಲ್ಲಿಸ್ತೀನಿ ಕಣೇ!"

"ಹೋಗ್ಬೇಡ ಅಕ್ಕ! ನನ್ನ ಬಿಟ್ಟು ಹೋಗ್ಬೇಡ!"

ಹಿಮ ಕರಗಿ ಬಂದ ನೀರು ಸೊಂಟ ಮುಟ್ಟಿತು. ಗುಬ್ಬಿ ಬಗ್ಗಿ ಬಿರಡೆ ಎಳೆದಳು; ಮರಗಟ್ಟಿದ ಬೆರಳಿಗೆ ಅದು ಜಗ್ಗಲಿಲ್ಲ. ಅಕ್ಕ ಹಗ್ಗ ಇಳಿಬಿಟ್ಟು ಎಳೆದರೆ ಒದ್ದೆ ಕೈ ಜಾರಿತು, ಅಕ್ಕನೇ ಕಿಂಡಿಯೊಳಕ್ಕೆ ಮುಗ್ಗರಿಸುವಂತಾಯಿತು. ನೀರು ಎದೆಗೇರಿತು. ಅಕ್ಕ ಸುತ್ತ ನೋಡಿದಳು. ಬ್ಲೀಚಿಂಗ್ ಪುಡಿ ಕಲಸಿ ತಂದಿದ್ದ ಪ್ಲಾಸ್ಟಿಕ್ ಕ್ಯಾನು ಕಣ್ಣಿಗೆ ಬಿತ್ತು. ಉಳಿದಿದ್ದನ್ನು ಚೆಲ್ಲಿ, ಮುಚ್ಚಳ ಬಿಗಿದು, ಹಗ್ಗಕ್ಕೆ ಕಟ್ಟಿ ಇಳಿಸಿದಳು.

"ಇದನ್ನ ತಬ್ಕೋ. ನೀರು ನಿನ್ನ ಮೇಲಕ್ಕೆತ್ತುತ್ತೆ."

"ನಂಗೆ ಈಜು ಬರಲ್ವಲ್ಲ!"

"ಈಜ್ಬೇಡ. ಸುಮ್ನೆ ತಬ್ಕೊಂಡಿರು."

ಕಾಲು ನೆಲ ಬಿಟ್ಟ ಗಳಿಗೆಯಲ್ಲಿ ಗುಬ್ಬಿ ಚೀರಿದ್ದು ಟ್ಯಾಂಕಿನ ಗೋಡೆಗೋಡೆಗೂ ಬಡಿದು ಅಕ್ಕನ ಮುಖಕ್ಕೆ ರಾಚಿತು. ಆಮೇಲೆ ಸದ್ದೇ ಇಲ್ಲ. ಕತ್ತಲಲ್ಲಿ ನೀರಿನ ಮೊರೆತವಷ್ಟೇ.

"ಗುಬ್ಬೀ! ಮಾತಾಡೇ! ಏನಾದ್ರೂ ಸರಿ, ಬೈಯಿ ನನ್ನ!"

ಸ್ವಲ್ಪ ಹೊತ್ತಾದ ಮೇಲೆ ಹಲ್ಲು ಕಟಕಟಿಸುವ ದನಿ ಬಂತು. "ಕೋತಿ... ನೀನು ದೊಡ್ಡ ಕೋತಿ."

"ಹೂಂ, ಇನ್ನೂ ಬೈಯಿ!"

ಬೈಗುಳ ಹತ್ತಿರವಾಗುತ್ತ ಬಂತು. ಕೊನೆಗೆ ಮಸುಕಿನಲ್ಲಿ ಒಂದು ಬಿಳಿಚಿದ ಮುಖ ಕಾಣಿಸಿತು. ಗಟ್ಟಿ ಮೆಟ್ಟಿಲು ಪಕ್ಕದಲ್ಲೇ ಇದ್ದರೂ ಗುಬ್ಬಿಯ ಬೆರಳು ಮಡಚಿಕೊಳ್ಳಲಿಲ್ಲ. ಅಕ್ಕ ಬೋರಲಾಗಿ ಮಲಗಿ, ಅರ್ಧ ಮೈ ಕಿಂಡಿಯೊಳಗೆ ಬಿಟ್ಟು, ತಂಗಿಯ ರಟ್ಟೆ ಹಿಡಿದು ಇದ್ದಬಿದ್ದ ಬಲವೆಲ್ಲ ಹಾಕಿ ಜಗ್ಗಿದಳು. ಇಬ್ಬರೂ ಕಾಂಕ್ರೀಟಿನ ಮೇಲೆ ಬಿದ್ದುಕೊಂಡರು. ಕೆಳಗೆ ನೀರು ಇನ್ನೂ ಸುರಿಯುತ್ತಲೇ ಇತ್ತು.

ಟ್ಯಾಂಕು ತುಂಬಿತೇ ಎಂದು ನೋಡಲು ಇಳಿದು ಬಂದ ನೀರುಗಂಟಿ, ತೊಯ್ದು ತೊಪ್ಪೆಯಾದ ಹುಡುಗಿಯನ್ನು ಕಂಡು ಅಲ್ಲೇ ಕುಸಿದು ಕೂತ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಅದು ಇವರಿನ್ನೂ ಕಲಿಯದ ಪದ. ಆಮೇಲೆ ತನ್ನ ಕೋಟು ಬಿಚ್ಚಿ ಗುಬ್ಬಿಗೆ ಹೊದಿಸಿ, ಅವಳನ್ನು ಬೆನ್ನ ಮೇಲೆ ಹೊತ್ತು ಊರಿಗಿಳಿದ.

ಇವರು ಉಳಿದುಕೊಂಡಿದ್ದ ಮನೆಯ ಯಜಮಾನಿ ಒಲೆಯ ಪಕ್ಕ ಕೂರಿಸಿ ಕಂಬಳಿ ಸುತ್ತಿದಳು. ಸಂಜೆ ಗುಬ್ಬಿಯ ಅಮ್ಮನ ಫೋನು ಬಂತು.

"ಊಟ ಆಯ್ತಾ ಗುಬ್ಬಿ? ಅಲ್ಲಿ ನೀರು ಗೀರು ಹೇಗಿದೆ?"

"ಚೆನ್ನಾಗಿದೆ ಅಮ್ಮ. ಸ್ವಲ್ಪ ತಣ್ಣಗಿದೆ, ಅಷ್ಟೇ."

ಫೋನಿಟ್ಟ ಮೇಲೆ ಅಕ್ಕ ತಡೆದುಕೊಳ್ಳಲಾರದೆ ಹೇಳಿಬಿಟ್ಟಳು. "ನಾನೇ ಇನ್ನೂ ಬಿಡಿ ಅಂತ ಕೂಗಿದ್ನೇನೋ ಕಣೇ."

ಗುಬ್ಬಿ ಅವಳನ್ನೇ ದಿಟ್ಟಿಸಿದಳು. ನಗಲು ಹೋದಳು. ಆಗಲಿಲ್ಲ. "ಈಗ ಹೇಳ್ಬೇಡ ಅಕ್ಕ," ಎಂದು ಅವಳ ಹೆಗಲಿಗೆ ಮುಖ ಒತ್ತಿದಳು.

ಮಿಕ್ಕ ದಿನಗಳಲ್ಲಿ ಗುಬ್ಬಿ ಶಾಲೆಯ ಗೋಡೆಗೆ ಸುಣ್ಣ ಬಳಿದಳು. ಅಂಗಳದಲ್ಲಿ ಯಾರಾದರೂ ನಲ್ಲಿ ತಿರುಗಿಸಿದರೆ ಬ್ರಷ್ಷು ಹಿಡಿದ ಕೈ ಹಾಗೇ ನಿಲ್ಲುತ್ತಿತ್ತು. ನೀರಿನ ಸದ್ದು ಅಡಗಿದ ಮೇಲಷ್ಟೇ ಅವಳು ಉಸಿರು ಬಿಡುತ್ತಿದ್ದಳು.