ಟಂಬೂ ಕರಡಿಯ ಬರಿಗಾಲು

ಕರಡಿಯ ಹೊಟ್ಟೆಯೊಳಗೆ ಮೂರು ವಾರ ಇದ್ದು ಬಂದವಳನ್ನು ಜಪಾನ್ ಹೇಗಿತ್ತು ಎಂದು ಕೇಳಿದರೆ ಏನು ಹೇಳಿಯಾಳು? ನೀಲಗಂಗಾ ಕಂಡ ಜಪಾನ್ ಅಂಗೈಯಗಲದ್ದು. ಟಂಬೂ ಕರಡಿಯ ಬಾಯಿಗೆ ಕಪ್ಪು ಜಾಲರಿ ಹೊಲಿದಿದ್ದರು, ಅದರ ಮೂಲಕ ಕಂಡದ್ದಷ್ಟೇ ಅವಳ ಪ್ರವಾಸ. ಉಳಿದದ್ದೆಲ್ಲ ವಾಸನೆ. ಆ ವೇಷವನ್ನು ಅವಳಿಗಿಂತ ಮೊದಲು ನಾಲ್ಕು ಜನ ತೊಟ್ಟಿದ್ದರು. ನಾಲ್ವರ ಬೆವರೂ ತಲೆಯೊಳಗಿನ ಸ್ಪಂಜಿನಲ್ಲಿ ಹುಳಿಯಾಗಿ ಕೂತಿತ್ತು. ಮೊದಲ ದಿನ ಬಾಯಿಗೆ ಬಂದದ್ದನ್ನು ಹಾಗೇ ನುಂಗಿಕೊಂಡಿದ್ದಳು. ವಾಂತಿ ಮಾಡಿಕೊಂಡರೆ ಮುಂದಿನ ಎರಡು ಗಂಟೆ ಅದರೊಳಗೇ ಇರಬೇಕಲ್ಲ!

ಅಮೆರಿಕದ ರಾಕ್‌ವಿಲ್‌ನ ಒಂದು ಮಕ್ಕಳ ನಾಟಕದ ಕಂಪನಿ ಅದು. ಟಂಬೂ ಹಾಡುತ್ತದೆ, ಕುಣಿಯುತ್ತದೆ, ಹಲ್ಲುಜ್ಜುವುದು ಹೇಗೆಂದು ಹೇಳಿಕೊಡುತ್ತದೆ. 2024ರ ಆಗಸ್ಟಿನಲ್ಲಿ ಅದು ಜಪಾನಿಗೆ ಹೊರಟಿತು. ಟೂರ್ ಮ್ಯಾನೇಜರ್ ರವಿಕಿರಣ್, ಅಮೆರಿಕದ್ದೇ ರಾಲಿ ಊರಿನಲ್ಲಿ ಬೆಳೆದವನು, ಬೆಂಗಳೂರಿನವರ ಮಗ. ನಮ್ಮವನೊಬ್ಬ ಜೊತೆಗಿದ್ದಾನೆ, ಮಗಳನ್ನು ನೋಡಿಕೊಳ್ಳುತ್ತಾನೆ ಎಂದು ರಾಕ್‌ವಿಲ್ ಬಳಿಯ ಕೊಲಂಬಿಯಾ ಪಟ್ಟಣದಲ್ಲಿ ನೀಲಾಳ ಅವ್ವ ಮಹಾದೇವಕ್ಕ ಸಮಾಧಾನಪಟ್ಟುಕೊಂಡಿದ್ದಳು. ನೋಡಿಕೊಂಡ, ಮಹಾನುಭಾವ, ಬಹಳ ಚೆನ್ನಾಗಿಯೇ ನೋಡಿಕೊಂಡ.

ವಾರಕ್ಕೊಂದು ದಿನ ಊರು ನೋಡಲು ರಜೆ ಎಂದು ಕರಾರಿನಲ್ಲಿತ್ತು. ರವಿಕಿರಣ್ ಅದಕ್ಕೂ ದಾರಿ ಹುಡುಕಿದ. "ಊರು ನೋಡೋಣ, ಬೇಡ ಅಂದೋರ್ಯಾರು? ಆದ್ರೆ ಟಂಬೂ ನೋಡ್ಲಿ. ವಿಡಿಯೋ ಮಾಡಿ ಪೋಸ್ಟ್ ಮಾಡೋಣ." ಹೀಗಾಗಿ ರಜೆಯ ದಿನವೂ ನೀಲಾ ಕರಡಿಯೇ. ಕೋಟೆಯೆಂದರೆ ಅವಳಿಗೆ ಕಂಡದ್ದು ನಾಲ್ಕು ಕಲ್ಲು, ಜಿಂಕೆಯೆಂದರೆ ಒಂದು ಕಿವಿ. ರವಿಕಿರಣ್ ಸಾಲು ಮುರಿದು ನುಗ್ಗುತ್ತಿದ್ದ, ಕೊಡೆ ಹಿಡಿದ ಅಜ್ಜಿಯರನ್ನು ಮೊಣಕೈಯಲ್ಲಿ ಸರಿಸುತ್ತಿದ್ದ, ತಿಂದ ಪೊಟ್ಟಣವನ್ನು ಯಾರದೋ ಹೂಕುಂಡಕ್ಕೆ ತುರುಕುತ್ತಿದ್ದ. "ಸ್ಮೈಲ್ ಮಾಡು ನೀಲಾ, ಸ್ಮೈಲ್!" ಎಂದು ಕರಡಿಗೆ ಹೇಳುತ್ತಿದ್ದ. ಕರಡಿಯ ನಗು ಹೊಲಿದದ್ದು ಎಂಬುದೂ ಮರೆತುಹೋಗುವಷ್ಟು ಅವನಿಗೆ ವಿಡಿಯೋದ ಹುಚ್ಚು. ಜಾಲರಿಯೊಳಗಿಂದ ಅವನ ಎಣ್ಣೆಮುಖ ನೋಡಿ ನೋಡಿ ಅವಳಿಗೆ ಹೇಸಿಗೆ ಹುಟ್ಟಿತ್ತು.

ಕೊನೆಯ ರಜೆಯಂದು ಕ್ಯೋಟೋದ ಹೊರಗಿನ ಒಂದು ಚಿಕ್ಕ ಗುಡಿಗೆ ಕರೆದೊಯ್ದ. ಮಕ್ಕಳನ್ನು ಕಾಯುವ ದೇವರಂತೆ ಅಲ್ಲಿರುವುದು. ಅಂಗಳದ ತುಂಬ ಕೆಂಪು ಬಟ್ಟೆ ಕಟ್ಟಿದ ಮೊಣಕಾಲೆತ್ತರದ ಕಲ್ಲು ವಿಗ್ರಹಗಳು. ಒಳಗೆ ಹಳದಿ ಟೋಪಿಯ ಹನ್ನೆರಡು ಪುಟ್ಟ ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತು ಟಂಬೂಗೆ ಕಾಯುತ್ತಿದ್ದರು. ಅವರ ಬೂಟುಗಳೆಲ್ಲ ಬಾಗಿಲ ಪಕ್ಕದ ಮರದ ಗೂಡಿನಲ್ಲಿದ್ದವು.

ನೀಲಾ ಮೆಟ್ಟಿಲ ಬಳಿ ನಿಂತುಬಿಟ್ಟಳು.

"ಏನಾಯ್ತು? ನಡಿ," ಎಂದ ರವಿಕಿರಣ್.

"ಕಾಲು ಬಿಚ್ಚಬೇಕು."

"ಯಾವ ಕಾಲು? ಕರಡಿಗೆಲ್ಲಿದೆ ಶೂ? ಅದು ಬರಿಗಾಲಲ್ಲೇ ಇದೆ."

"ಇದು ಶೂನೇ, ರವಿಕಿರಣ್. ಅಡಿಯಲ್ಲಿ ರಬ್ಬರ್ ಇದೆ. ಬೆಳಿಗ್ಗೆ ಇದೇ ಕಾಲಲ್ಲಿ ಸ್ಟೇಷನ್ ರೆಸ್ಟ್‌ರೂಮಿಗೆ ಹೋಗಿ ಬಂದಿದ್ದೀನಿ. ನಿಮ್ಮನೇಲಿ ದೇವರ ಮನೆಗೆ ಹೀಗೇ ಹೋಗ್ತೀರಾ?"

"ರೂಲ್ ಗೊತ್ತಲ್ಲ? ಮಕ್ಕಳಿಗೆ ಸ್ಕಿನ್ ಕಾಣಬಾರದು. ಬಿಚ್ಚಿದ್ರೆ ಅಟ್ಲಾಂಟಾ ಇಲ್ಲ."

ಅಟ್ಲಾಂಟಾ ಎಂದರೆ ಚಳಿಗಾಲದ ನಾಲ್ಕು ತಿಂಗಳ ಪ್ರದರ್ಶನ. ಅಷ್ಟೇ ಅಲ್ಲ, ಅಲ್ಲಿ ಅವಳು ವೇಷದಿಂದ ಹೊರಬಂದು ಹಾಡುಗಾರ್ತಿಯ ಪಾತ್ರ ಮಾಡುವವಳಿದ್ದಳು, ಸ್ವಂತ ಮುಖದಲ್ಲಿ. ಆರು ವರ್ಷ ಕಾದಿದ್ದ ಪಾತ್ರ. ಅವಳು ಬಲಗಾಲನ್ನು ಎತ್ತಿ ಮೊದಲ ಮೆಟ್ಟಿಲ ಮೇಲೆ ಇಟ್ಟೂಬಿಟ್ಟಳು.

ಅಷ್ಟರಲ್ಲಿ ಗುಡಿ ನೋಡಿಕೊಳ್ಳುವ ಮುದುಕ ಒದ್ದೆ ಬಟ್ಟೆ ಹಿಡಿದು ಬಂದ. ಬೇಡ ಎನ್ನಲಿಲ್ಲ, ಮುಖ ಗಂಟು ಹಾಕಲಿಲ್ಲ. ಮೆಲ್ಲಗೆ ಮಂಡಿಯೂರಿ, ಕರಡಿಯ ಕಾಲು ಎತ್ತಿಹಿಡಿದು ಅಂಗಾಲು ಒರೆಸತೊಡಗಿದ. ಬಟ್ಟೆ ಕಪ್ಪಾಯಿತು. ಮಡಿಸಿ ಇನ್ನೊಂದು ಮಗ್ಗುಲಲ್ಲಿ ಒರೆಸಿದ, ಅದೂ ಕಪ್ಪಾಯಿತು. "ವಾವ್, ಸೂಪರ್ ಶಾಟ್!" ಎಂದು ರವಿಕಿರಣ್ ಫೋನನ್ನು ಮುದುಕನ ಬೋಳುತಲೆಯ ಹತ್ತಿರ ತಂದ.

ಥೂ, ಎನ್ನಿಸಿತು ನೀಲಾಗೆ. ಅವನ ಮೇಲಷ್ಟೇ ಅಲ್ಲ, ಮೆಟ್ಟಿಲ ಮೇಲಿಟ್ಟ ತನ್ನ ಕಾಲಿನ ಮೇಲೂ. ಅಲ್ಲೇ ಕೂತು ಎರಡೂ ಪಾದಗಳನ್ನು ಕಿತ್ತು ತೆಗೆದಳು.

ದೊಡ್ಡ ಕಂದು ಕರಡಿಯ ಕೆಳಗೆ ಮನುಷ್ಯರ ಎರಡು ಕಾಲು! ಮಕ್ಕಳು ಬಾಯಿ ಬಿಟ್ಟು ನೋಡಿದರು. ಒಬ್ಬರೂ ಅಳಲಿಲ್ಲ. ಒಂದು ಹುಡುಗಿ ಎದ್ದು ಬಂದು, ಕರಡಿಯ ಪಾದಗಳನ್ನು ಒಂದೊಂದಾಗಿ ತಬ್ಬಿ ಎತ್ತಿಕೊಂಡು ಹೋಗಿ, ತಮ್ಮ ಬೂಟುಗಳ ಪಕ್ಕದಲ್ಲಿ ಜೋಡಿಸಿಟ್ಟಳು.

ನೀಲಾ ಒಳಗೆ ನಡೆದಳು. ಅವಳದು ಹುಟ್ಟಾ ಚಪ್ಪಟೆ ಪಾದ, ಮೇಲೆ ಬೆಳಗಿನಿಂದ ರಬ್ಬರಿನೊಳಗೆ ಬೆಂದ ಬೆವರು. ನುಣುಪು ಮರದ ನೆಲದ ಮೇಲೆ ಹೆಜ್ಜೆಹೆಜ್ಜೆಗೂ ಒದ್ದೆ ಗುರುತು ಮೂಡಿತು. ತಿರುಗಿ ನೋಡಿದಾಗ ಮುದುಕ ಹಿಂದಿನಿಂದ ಅವನ್ನೂ ಒರೆಸಿಕೊಂಡು ಬರುತ್ತಿದ್ದ. ಅವಳಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಕರಡಿಯ ಕೊಳೆ ತಪ್ಪಿಸಲು ಹೋಗಿ ತನ್ನ ಕೊಳೆ ಬಳಿದಳಲ್ಲ.

ಅಂದು ಸಂಜೆಯ ರೈಲಿನಲ್ಲೇ ರವಿಕಿರಣ್ ಅಟ್ಲಾಂಟಾವನ್ನು ಕಿತ್ತುಕೊಂಡ.

ಕೊಲಂಬಿಯಾಕ್ಕೆ ಮರಳಿ ಹತ್ತು ದಿನವಾಗಿತ್ತು. ಅವನೇ ಫೋನ್ ಮಾಡಿದ. ದನಿಯಲ್ಲಿ ಸಕ್ಕರೆ ಪಾಕ. "ಟೆಂಪಲ್ ವಿಡಿಯೋ ಸಖತ್ ಹಿಟ್ ಆಗಿದೆ. ಪಾದ ಎಡಿಟ್ ಮಾಡಿ ಹಾಕ್ಸಿದ್ದೀನಿ, ಯಾರಿಗೂ ಗೊತ್ತಾಗಲ್ಲ. ಅಟ್ಲಾಂಟಾಗೆ ಬಾ. ಕೇಳಿದೋರಿಗೆ ಪಾದ ಹಾಕ್ಕೊಂಡೇ ಹೋಗಿದ್ದೆ ಅನ್ನು, ಅಷ್ಟೇ." ಭಾನುವಾರ ಹೇಳುತ್ತೇನೆ ಎಂದಿದ್ದಳು. ಹಾಗೆ ಹೇಳಿದ್ದಕ್ಕೆ ಎರಡು ದಿನದಿಂದ ತನ್ನ ಮೇಲೇ ಅಸಹ್ಯ.

ಭಾನುವಾರ ಮುಂಜಾನೆ ಮಹಾದೇವಕ್ಕ ಟಿವಿಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಪರದೆಯ ಮೇಲೆ ಟಂಬೂ ರಬ್ಬರ್ ಪಾದ ಹಾಕಿಕೊಂಡೇ ದೇವರ ಮುಂದೆ ಕುಣಿಯುತ್ತಿತ್ತು.

"ಕನ್ನಡ ಸಂಘದ ಸಿದ್ದೇಶ್ವರಿ ಕಳಿಸ್ಯಾಳ. ಸಂಘದ ಮಂದಿ ಎಲ್ಲಾ ನೋಡ್ಯಾರ. ಗುಡ್ಯಾಗ ಬೂಟು ಹಾಕ್ಕೊಂಡು ಕುಣದಿ? ನಾ ನಿನಗ ಇದನ್ನ ಕಲಿಸೀನೇನು?"

"ಇಲ್ಲವ್ವ, ನಾ ಬಿಚ್ಚಿದ್ದೆ. ಆಮ್ಯಾಲ ಕಂಪ್ಯೂಟರಿನ್ಯಾಗ ಹಚ್ಚ್ಯಾರ."

"ಕಣ್ಣಿಗೆ ಕಾಣೂದು ಸುಳ್ಳೇನು ಹಂಗಾರ?"

ಇಡೀ ಲೋಕ ಏನಾದರೂ ಅಂದುಕೊಳ್ಳಲಿ, ಅವ್ವನೂ ಹೀಗಂದರೆ ಆ ಕಾಲು ಬಿಚ್ಚಿ ಏನು ಬಂತು? ಮಹಾದೇವಕ್ಕ ಗೊಣಗುತ್ತಲೇ ವಿಡಿಯೋವನ್ನು ಹಿಂದಕ್ಕೆ ಓಡಿಸಿದಳು. ಇನ್ನೊಮ್ಮೆ ಓಡಿಸಿದಳು. ತಟ್ಟನೆ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿದಳು.

ಕರಡಿಯ ಹಿಂದೆ, ಹೊಳೆಯುವ ಮರದ ಮೇಲೆ, ಮುದುಕನ ಬಟ್ಟೆ ಇನ್ನೂ ಮುಟ್ಟದ ಒದ್ದೆ ಹೆಜ್ಜೆಗಳು ಸಾಲಾಗಿದ್ದವು. ಐದೈದು ಬೆರಳು, ನಡುವೆ ಕಮಾನಿಲ್ಲದ ಅಗಲ ಚಪ್ಪಟೆ ಪಾದ. ಕರಡಿಗೆ ಕಾಲು ಹಚ್ಚಿದವರು ನೆಲ ನೋಡಿರಲಿಲ್ಲ.

"ಬಚ್ಚಲದಿಂದ ಒದ್ದಿಗಾಲಾಗ ಓಡಿ ಬಂದು ಮನಿ ತುಂಬ ಹಿಂಗ ಮೂಡಸತಿದ್ದಿ," ಎಂದಳು ಮಹಾದೇವಕ್ಕ. ದನಿ ಬದಲಾಗಿತ್ತು. "ಇದು ನಿನ್ನ ಪಾದ."

"ನನ್ನ ಬೆವರವ್ವ. ಹೊಲಸು ನೆಲಕ್ಕ ಹತ್ತಿಸಿ ಬಂದೆ. ಆ ಮುದುಕ ಮಂಡಿಯೂರಿ ಒರಸಿದ."

"ಒರಸಲಿ ಬಿಡು. ದುಡದ ಮೈ ಬೆವರು ಅದು. ಬೂಟಿನ ಹೊಲಸಲ್ಲ."

ನೀಲಾ ಫೋನ್ ತೆಗೆದು ಅಲ್ಲೇ, ಅವ್ವನ ಎದುರಿಗೇ, ರವಿಕಿರಣ್‌ಗೆ ಕರೆ ಮಾಡಿದಳು.

"ಹಾಂ, ಡಿಸೈಡ್ ಮಾಡಿದ್ಯಾ?"

"ಮಾಡ್ದೆ. ನಿಮ್ಮ ವಿಡಿಯೋದಲ್ಲಿ ಕರಡಿ ಹಿಂದೆ ನೆಲ ನೋಡಿ. ಅಲ್ಲಿರೋದು ನನ್ನ ಕಾಲು, ಕೇಳಿದೋರಿಗೆಲ್ಲ ಅದನ್ನೇ ಹೇಳ್ತೀನಿ. ಅಟ್ಲಾಂಟಾಗೆ ಬೇರೆ ಕಾಲು ಹುಡುಕ್ಕೊಳ್ಳಿ."