ಹಿರೀಕರ ದಿಬ್ಬ

"ಯಾವನ್ಲಾ ಅವ್ನು, ಎಮ್ಮೆಲ್ಲೆ ಕಿವಿ ಊದಿದ ಬೋಳಿಮಗ? ಬಾಯಿ ಬುಡ್ರಲಾ! ಬೆಂಗ್ಳೂರ್ ಗಂಟ ಹೋಗೈತಂತೆ ನಿಮ್ಮ ಹೆಣದ ಸುದ್ದಿ!"

ಚಾವಡಿಯ ಜಗಲಿಯ ಮೇಲೆ ನಿಂತು ಪಂಚಾಯ್ತಿ ಚೇರ್ಮನ್ ಸದಾಶಿವಯ್ಯ ಕೂಗುತ್ತಿದ್ದ. ಕೆಳಗೆ ಬಿಸಿಲಲ್ಲಿ ಕೇರಿಯ ಗಂಡಸರು ತಲೆ ತಗ್ಗಿಸಿ ನಿಂತಿದ್ದರು. ತಮಟೆ ಬಡಿದು ಅವರನ್ನೆಲ್ಲ ಕರೆತಂದಿದ್ದ ತೋಟಿ ಅಡವಿಯಪ್ಪನೂ ಅವರಲ್ಲೊಬ್ಬ. ಊರಿಗೆ ಸಾರುವುದು, ಅಧಿಕಾರಿಗಳ ಹಿಂದೆ ಗಂಟು ಹೊತ್ತು ನಡೆಯುವುದು, ಊರಲ್ಲಿ ದನ ಸತ್ತರೆ ಎಳೆಯುವುದು, ಕೇರಿಯಲ್ಲಿ ಜನ ಸತ್ತರೆ ಗುಂಡಿ ತೆಗೆಯುವುದು, ಇಷ್ಟೂ ಅವನಿಗೆ ಅಪ್ಪನಿಂದ ಬಂದ ಆಸ್ತಿ. ಬೇರೆಯವರಿಗೆ ತೆಂಗಿನ ತೋಟ ಬರುತ್ತದೆ, ಇವನಿಗೆ ಇದು ಬಂದಿತ್ತು. ತೋಟಿಕೆ ರದ್ದಾಗಿದೆಯೆಂದು ಸರ್ಕಾರ ಹೇಳಿ ವರ್ಷಗಳಾಗಿದ್ದವು. ಊರು ಮಾತ್ರ ಹೇಳಿರಲಿಲ್ಲ.

ಎಮ್ಮೆಲ್ಲೆಯ ಕಿವಿ ಊದಿದವನೂ ಅವನೇ.

ವಿರೋಧ ಪಕ್ಷದ ಎಮ್ಮೆಲ್ಲೆ ಮಹಾಲಿಂಗಯ್ಯ ಗುಬ್ಬಿಯ ಐ.ಬಿ. ಬಂಗಲೆಗೆ ಬಂದಿದ್ದಾರೆಂದು ಕೇಳಿ, ಬೆಳಗಿನಿಂದ ಗೇಟಿನಲ್ಲಿ ಕಾದು, ಅವರು ಕಾರು ಹತ್ತುವಾಗ ಅಡ್ಡ ನಿಂತಿದ್ದ. "ಸಾಮಿ, ನಮ್ಮ ಹಿರೀಕರನ್ನ ಮಣ್ಣು ಮಾಡೋ ದಿಬ್ಬದ ಮ್ಯಾಲೆ ನೀಲಗಿರಿ ಹಾಕವ್ರೆ. ನಮ್ಮವ್ವ ಇವತ್ತೋ ನಾಳೆಯೋ ಅಂತವ್ಳೆ. ನಿಮ್ಮಪ್ಪನ ಮಗ್ಗುಲಾಗೆ ಮಲಗ್ಸು ಅಂತ ಒಂದೇ ಮಾತು. ನಾನು ಎಲ್ಲಿ ಮಲಗ್ಸನ?" ಮಹಾಲಿಂಗಯ್ಯ ಕಾರಿನಿಂದ ಇಳಿದು ಕೇಳಿಸಿಕೊಂಡರು. ವಿಧಾನಸಭೆಗೆ ಪ್ರಶ್ನೆ ಕಳಿಸಿದರು.

ಮೇಲಕ್ಕೆ ಹೋಗುವಾಗ ಅದು ಪ್ರಶ್ನೆಯಾಗಿಯೇ ಹೋಯಿತು. ವಿಧಾನಸೌಧದಿಂದ ತುಮಕೂರಿಗೆ, ತುಮಕೂರಿಂದ ಗುಬ್ಬಿಗೆ, ಗುಬ್ಬಿಯಿಂದ ಕರೇಕಲ್ಲುಪಾಳ್ಯದ ಚಾವಡಿಗೆ ಇಳಿಯುವಷ್ಟರಲ್ಲಿ ಬೈಗುಳವಾಗಿತ್ತು. ಮಂತ್ರಿಗಳು ಉತ್ತರ ಕೊಡಬೇಕು, ಆ ಉತ್ತರಕ್ಕೆ ಬೇಕಾದ್ದನ್ನು ಒಯ್ಯಲು ರೆವಿನ್ಯೂ ಇನ್ಸ್‌ಪೆಕ್ಟರು ಕೊಡೆ ಹಿಡಿದು ಬಂದಿದ್ದರು.

"ನಡೀರಿ, ಜಾಗ ನೋಡೋಣ" ಎಂದರು ಅವರು.

ದಿಬ್ಬದ ತುಂಬ ಮೊಣಕಾಲೆತ್ತರದ ನೀಲಗಿರಿ ಸಸಿಗಳು ಸಾಲುಸಾಲಾಗಿ ನಿಂತಿದ್ದವು. ಇನ್ಸ್‌ಪೆಕ್ಟರು ಕಣ್ಣಿಗೆ ಕೈ ಅಡ್ಡ ಹಿಡಿದು ಸುತ್ತ ನೋಡಿದರು.

"ಎಲ್ಲಯ್ಯಾ ಸ್ಮಶಾನ? ಒಂದು ಕಲ್ಲೂ ಕಾಣಲ್ವಲ್ಲ."

ಕಲ್ಲು ಕಾಣದಿದ್ದುದಕ್ಕೆ ಕೇರಿಯವರ ಪೆದ್ದುತನವೇ ಕಾರಣ. ಹಿಂದಿನ ವರ್ಷ ಮಳೆಗೆ ಮುಂಚೆ ಅರಣ್ಯದ ಗಾರ್ಡು ಬಂದು, "ಸರ್ಕಾರ ಮರ ಹಾಕ್ಸತ್ತೆ ಕಣ್ರಯ್ಯಾ, ನಿಮ್ಮ ಹಿರೀಕರಿಗೆ ನೆರಳಾಯ್ತದೆ" ಅಂದಿದ್ದ. ಬದುಕಿರುವವರ ನೆತ್ತಿಗೇ ನೆರಳು ಕೊಡದ ಸರ್ಕಾರ ಸತ್ತವರಿಗೆ ಕೊಡುತ್ತಿದೆಯೆಂದು ಕೇರಿ ಹಿಗ್ಗಿಹೋಯಿತು. ತಲೆದೆಸೆಗೆ ನೆಟ್ಟ ಕಲ್ಲುಗಳನ್ನು ಅವರೇ ಕಿತ್ತು, ಸಸಿ ನೆಟ್ಟ ಮೇಲೆ ಮತ್ತೆ ಇಟ್ಟರಾಯಿತೆಂದು ಹೊಂಗೆ ಮರದ ಬುಡದಲ್ಲಿ ಒಟ್ಟಿದರು. ಗುಂಡಿಗಳನ್ನೂ ಅವರೇ ತೆಗೆದರು. ಅಡವಿಯಪ್ಪನ ಅವ್ವ ದೊಡ್ಡಗಂಗಮ್ಮ ಮಾತ್ರ ಕೋಲೂರಿಕೊಂಡು ಬಂದು, ಗುಂಡಿ ಗುಂಡಿಗೂ ಒಂದೊಂದು ಜಾಲಿಮುಳ್ಳು ಹಾಕುತ್ತ ಹೋಗಿದ್ದಳು. "ದಿಬ್ಬದಾಗೆ ಬರೀ ಗುಂಡಿ ಬುಡ್ಬಾರ್ದು ಕಣ್ರಲಾ. ಬರೀ ಗುಂಡಿ ಹೆಣ ಕೇಳ್ತದೆ. ಮುಳ್ಳಾದ್ರೂ ಮಡಗಿ." ಎಲ್ಲರೂ ಮುದುಕಿಗೆ ಅರಳುಮರಳೆಂದು ನಕ್ಕಿದ್ದರು.

ಮಾರನೆಯ ಬೆಳಿಗ್ಗೆ ಹೊಂಗೆ ಬುಡದಲ್ಲಿ ಒಂದು ಕಲ್ಲೂ ಇರಲಿಲ್ಲ. ಟ್ರ್ಯಾಕ್ಟರಿನ ಗಾಲಿಯ ಗುರುತಿತ್ತು. ವಾರದೊಳಗೆ ಸದಾಶಿವಯ್ಯನ ತೋಟದಲ್ಲಿ ಹೊಸ ಪಂಪ್‌ಹೌಸಿನ ಪಾಯ ಎದ್ದಿತು.

"ಗುಂಡಿ ತೆಗೆದೋರು ಯಾರು?" ಇನ್ಸ್‌ಪೆಕ್ಟರು ಕೇಳಿದರು.

"ನಾವೇ ಬುದ್ಧಿ" ಅಂದ ಅಡವಿಯಪ್ಪ.

"ಕೂಲಿ ಈಸ್ಕೊಂಡ್ರಾ?"

"ಈಸ್ಕಂಡ್ವಿ. ಹಿರೀಕರಿಗೆ ನೆರಳಿಗೆ ಅಂದ್ರು..."

"ಕೇಳಿದ್ದಕ್ಕೆ ಮಾತ್ರ ಹೇಳು. ಕಲ್ಲು ಕಿತ್ತೋರು?"

"ನಾವೇಯ. ಆದ್ರೆ ಬುದ್ಧಿ..."

"ಆಯ್ತಲ್ಲ! ಜನ ಸ್ವಂತ ಇಚ್ಛೆಯಿಂದ ಭಾಗವಹಿಸಿದಾರೆ." ಇನ್ಸ್‌ಪೆಕ್ಟರಿಗೆ ಉತ್ತರ ಸಿಕ್ಕಿದ ನಿರಾಳವಾಯಿತು.

ಅಡವಿಯಪ್ಪ ತಡೆಯಲಾರದೆ ಸಸಿಗಳ ನಡುವೆ ನುಗ್ಗಿ ಒಂದು ಕಡೆ ಕುಕ್ಕರುಗಾಲಲ್ಲಿ ಕೂತು ನೆಲ ಮುಟ್ಟಿದ. "ಇಗಾ ನೋಡಿ ಬುದ್ಧಿ, ಇಲ್ಲೇ ನಮ್ಮಪ್ಪ ಅವ್ನೆ. ನಾನೇ ಗುಂಡಿ ತೆಗ್ದು ಮಲಗ್ಸಿದ್ದು."

"ಹೌದೇನು? ಅಗೆದು ತೋರಿಸು."

"ಅಗೀಲಾ ಅಡವ್ಯಾ!" ಸದಾಶಿವಯ್ಯ ಗಹಗಹಿಸಿ ನಕ್ಕ. "ನಿಮ್ಮಪ್ಪ ಎದ್ದು ಬಂದು ಸಾಕ್ಷಿ ಹೇಳ್ಲಿ!"

ಗಾರ್ಡು ಗುದ್ದಲಿ ತಂದು ಅವನ ಮುಂದೆ ಎಸೆದ. ಅಡವಿಯಪ್ಪ ಅದನ್ನು ಎತ್ತಿಕೊಂಡ. ಹೂಳಲು ಎಷ್ಟೋ ಸಲ ಎತ್ತಿದ ಕೈ ಅದು, ಹೆತ್ತಪ್ಪನ ಮೂಳೆ ಕೀಳಲು ಏಳಲಿಲ್ಲ. ಗುದ್ದಲಿಯನ್ನು ಮೆಲ್ಲಗೆ ಕೆಳಗಿಟ್ಟ.

"ಕುರುಹು ಇಲ್ಲ" ಎಂದು ಇನ್ಸ್‌ಪೆಕ್ಟರು ಕೊಡೆ ಬಿಚ್ಚಿದರು.

ಪ್ರಶ್ನೆ ಸದನಕ್ಕೆ ಬರುವ ದಿನ ಮಹಾಲಿಂಗಯ್ಯ ಅವನನ್ನು ಬೆಂಗಳೂರಿಗೆ ಕರೆಸಿಕೊಂಡು, ಪಾಸು ಕೊಡಿಸಿ, ಗ್ಯಾಲರಿಯಲ್ಲಿ ಕೂರಿಸಿದರು. ಒಳಗೆ ಕಾಲಿಟ್ಟೊಡನೆ ಅಡವಿಯಪ್ಪ ಹೆಗಲ ಮೇಲಿನ ಟವಲನ್ನು ಸೊಂಟಕ್ಕೆ ಸುತ್ತಿಕೊಂಡ. ಯಾರೂ ಹೇಳಿರಲಿಲ್ಲ, ಅಭ್ಯಾಸ. ಕೆಳಗೆ ದೊಡ್ಡವರೆಲ್ಲ ಮೆತ್ತನೆಯ ಕುರ್ಚಿಗಳಲ್ಲಿದ್ದರು. ದೊಡ್ಡವರು ಕೆಳಗೆ, ತಾನು ಮೇಲೆ, ಇದೆಂಥ ಉಲ್ಟಾ ಚಾವಡಿಯಪ್ಪಾ ಅಂದುಕೊಂಡ.

ಮಹಾಲಿಂಗಯ್ಯ ಎದ್ದರು. "ಗುಬ್ಬಿ ತಾಲ್ಲೂಕು ಕರೇಕಲ್ಲುಪಾಳ್ಯದಲ್ಲಿ ಹರಿಜನರ ಸ್ಮಶಾನದ ಮೇಲೆ ನೀಲಗಿರಿ ನೆಟ್ಟಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?"

"ಬಂದಿಲ್ಲ" ಅಂದರು ಮಂತ್ರಿಗಳು.

"ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು?"

"ಉದ್ಭವಿಸುವುದಿಲ್ಲ."

ಮಹಾಲಿಂಗಯ್ಯ ಕೂರಲಿಲ್ಲ. "ಸ್ವಾಮಿ, ಸಾಮಾಜಿಕ ಅರಣ್ಯ ಅಂತೀರಿ. ದನ ಮೇಯುವ ಗೋಮಾಳ ಹೋಯಿತು. ಬಾವಿಯ ನೀರು ಇಳಿಯಿತು. ಈಗ ಹೆಣ ಹೂಳುವ ನೆಲವೂ ಹೋಯಿತು. ಈ ಮರ ಜನರ ಒಲೆಗೋ, ಯಾವುದೋ ಕಾರ್ಖಾನೆಯ ಹೊಟ್ಟೆಗೋ?"

"ಅಲ್ಲಿನ ಜನರೇ ಸ್ವಂತ ಇಚ್ಛೆಯಿಂದ ಗುಂಡಿ ತೋಡಿದ್ದಾರೆ" ಎಂದು ಮಂತ್ರಿಗಳು ನಕ್ಕರು. "ಮಾನ್ಯ ಸದಸ್ಯರು ಬದುಕಿರುವವರ ಬಗ್ಗೆ ಕೇಳಲಿ. ಸತ್ತವರಿಗೆ ಓಟಿಲ್ಲ."

ಸದನ ನಕ್ಕಿತು. ಮಂತ್ರಿಗಳ ಕಡೆಯವರೂ ನಕ್ಕರು, ಮಹಾಲಿಂಗಯ್ಯನ ಕಡೆಯವರೂ ನಕ್ಕರು. ಮಹಾಲಿಂಗಯ್ಯನವರ ಮುಖ ಕೆಂಪಾಯಿತು. "ಸತ್ತವನ ಮಗ ಅಲ್ಲೇ ಮೇಲೆ ಕೂತಿದ್ದಾನೆ, ಅವನ ಮುಖ ನೋಡಿ ಈ ಮಾತು ಹೇಳಿ!"

"ಗ್ಯಾಲರಿಯಲ್ಲಿ ಇರುವವರ ವಿಷಯ ಇಲ್ಲಿ ಎತ್ತುವಂತಿಲ್ಲ" ಸಭಾಧ್ಯಕ್ಷರು ಗಂಟೆ ಬಾರಿಸಿದರು. "ಅದನ್ನು ಕಡತದಿಂದ ತೆಗೆಯಿರಿ. ಮುಂದಿನ ಪ್ರಶ್ನೆ."

ಅಡವಿಯಪ್ಪ ತನಗೇ ತಿಳಿಯದಂತೆ ಎದ್ದು ನಿಂತಿದ್ದ. ಬಿಳಿ ಸಮವಸ್ತ್ರದವನೊಬ್ಬ ಬಂದು ಭುಜ ಒತ್ತಿ ಕೂರಿಸಿದ. ಕಡತದ ಪ್ರಕಾರ ಅಪ್ಪ ದಿಬ್ಬದಲ್ಲಿ ಇರಲಿಲ್ಲ, ಮಗ ಗ್ಯಾಲರಿಯಲ್ಲಿ ಇರಲಿಲ್ಲ.

ಹೊರಗೆ ಮಹಾಲಿಂಗಯ್ಯ ಕಾಫಿ ಕೊಡಿಸಿದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. "ನಾನು ಬಿಡೋದಿಲ್ಲ ಅಡವಿಯಪ್ಪ. ಮುಂದಿನ ಅಧಿವೇಶನದಲ್ಲಿ ಮತ್ತೆ ಕೇಳ್ತೀನಿ" ಅಂದರು.

"ನಮ್ಮವ್ವ ಅಲ್ಲೀಗಂಟ ಕಾಯಕಿಲ್ಲ ಸಾಮಿ."

ಅವರು ಜೇಬಿನಿಂದ ಬಸ್ಸಿನ ದುಡ್ಡು ತೆಗೆದು ಅವನ ಕೈಗಿಟ್ಟರು.

ಊರಿಗೆ ಬಂದು ಬಸ್ಸಿಳಿದಾಗ ಅರಳೀಕಟ್ಟೆಯ ಮೇಲೆ ಸದಾಶಿವಯ್ಯ ಕಾದು ಕೂತಿದ್ದ. ಇವತ್ತು ಕೂಗಲಿಲ್ಲ. ಮೆತ್ತಗೆ ಕೇಳಿದ. "ಏನಂದ್ರಲಾ ಮಂತ್ರಿಗಳು?"

"ಗಮನಕ್ಕೆ ಬಂದಿಲ್ಲ ಅಂದ್ರು."

"ನಿಮ್ಮವ್ವ ಸತ್ರೆ ವಿಧಾನಸೌಧದ ಮುಂದೆ ಹುಲ್ಲು ಬೆಳ್ಸವ್ರಲ್ಲ, ಅಲ್ಲಿ ಹೂತ್ಕಾ. ದಿಬ್ಬದಾಗೆ ಗುದ್ದಲಿ ಊರಿದ್ಯೋ, ಸರ್ಕಾರಿ ಮರ ಕಿತ್ತ ಅಂತ ಒಳೀಕ್ ಹಾಕಿಸ್ತೀನಿ." ಎದ್ದು ಪಂಚೆ ಕೊಡವಿದ. "ನಿಮ್ಮ ಗುಡ್ಲೆಲ್ಲ ಹುಲ್ಲಿಂದು ಕಣ್ಲಾ. ಬ್ಯಾಸಗೆ ಬೇರೆ. ಜ್ಞಾಪಕ ಇರ್ಲಿ."

ಅಂದಿನಿಂದ ಕೇರಿಯವರನ್ನು ಯಾರೂ ಕೂಲಿಗೆ ಕರೆಯಲಿಲ್ಲ, ಬೈಯಲೂ ಇಲ್ಲ. ಬೈಯುವ ಊರಿಗಿಂತ ಸುಮ್ಮನಿರುವ ಊರು ಕೆಟ್ಟದ್ದು. ಹೆಂಗಸರು ಗುಡಿಸಲಿನ ಬಾಗಿಲಲ್ಲಿ ಕೊಡಗಳಿಗೆ ನೀರು ತುಂಬಿಟ್ಟು, ಮಕ್ಕಳನ್ನು ಬಯಲಲ್ಲೇ ಮಲಗಿಸತೊಡಗಿದರು.

"ಕೇಳಿದ್ಯಾ ಮಗ?" ಮಂಪರಿನಲ್ಲೇ ದಿನ ಕಳೆಯುತ್ತಿದ್ದ ದೊಡ್ಡಗಂಗಮ್ಮ ಒಂದು ರಾತ್ರಿ ಎಚ್ಚೆತ್ತು ಚಾಪೆಯ ಮೇಲಿಂದ ಕೇಳಿದಳು. "ಏನಂದ್ರು?"

ಅವಳ ಮುಂದೆ ಸುಳ್ಳು ಬರಲಿಲ್ಲ. "ಅಪ್ಪ ಅಲ್ಲಿ ಇಲ್ವಂತೆ ಕಣವ್ವ."

ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ಅಂಗಾರೆ ಎಲ್ಲೋದ್ನಂತೆ? ಬುಡು, ನಾನೇ ಹೋಗಿ ನೋಡ್ತೀನಿ."

ಹೊತ್ತು ಮೂಡುವಾಗ ಹೋದಳು. ಅಡವಿಯಪ್ಪ ಅಳಲಿಲ್ಲ. ಅವ್ವನ ಕಾಲು ಮುಟ್ಟಿ ಎದ್ದು, ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದ. ಕೇರಿಯ ಸಾವಿಗೆ ಊರ ಬೀದಿಯಲ್ಲಿ ತಮಟೆ ಬಡಿಯುವ ಪದ್ಧತಿ ಇಲ್ಲ. ಅವನು ಊರ ಬೀದಿಗೇ ಹೋದ. ಚಾವಡಿಯ ಮುಂದೆ ನಿಂತು, ಸರ್ಕಾರದ ಅಪ್ಪಣೆ ಸಾರುವ ಗತ್ತಿನಲ್ಲೇ ಬಡಿದ.

"ಕೇಳ್ರಪ್ಪೋ ಕೇಳಿ! ಹಿರೀಕರ ದಿಬ್ಬದಾಗೆ ಯಾರೂ ಇಲ್ವಂತೆ, ಮಂತ್ರಿಗಳು ಹೇಳವ್ರೆ! ಇವತ್ತು ನಮ್ಮವ್ವ ಹೊಯ್ತಾವ್ಳೆ! ತಡ್ಯೋರು ಬನ್ನಿ, ನೋಡೋರು ನೋಡೀ!"

ಬೀದಿಯ ಬಾಗಿಲುಗಳು ಒಂದೊಂದೇ ಮುಚ್ಚಿಕೊಂಡವು. ಗಾರ್ಡಿನ ಸೈಕಲ್ಲು ಗುಬ್ಬಿಯ ಕಡೆ ಹಾರಿಹೋಯಿತು.

ಕೇರಿಯ ಯಜಮಾನ ಗಂಗಹನುಮಯ್ಯ ಮೊದಲು ಹೆಗಲು ಕೊಟ್ಟ. ಹೆದರಿ ಒಳಗಿದ್ದವರೂ ಹಿಂದೆಯೇ ಬಂದರು. ದಿಬ್ಬದಲ್ಲಿ ಅಪ್ಪನ ಮಗ್ಗುಲಿನ ಸಸಿಗಳನ್ನು ಅಡವಿಯಪ್ಪ ಬುಡ ಹಿಡಿದು ಕಿತ್ತೆಸೆದ. ಗುಂಡಿ ತೆಗೆದ. ಅವ್ವನನ್ನು ಇಳಿಸಿ, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವಾಗ ಕೆರೆ ಏರಿಯ ಆಚೆ ಧೂಳೆದ್ದಿತು. ಪೊಲೀಸು ಜೀಪು ಕೆರೆ ಸುತ್ತಿಕೊಂಡು ಬರುತ್ತಿತ್ತು.

"ಓಡೋಗ್ಲಾ ಅಡವಿ, ಮಣ್ಣೆಳ್ಯದು ನಾವು ನೋಡ್ಕಂತೀವಿ" ಗಂಗಹನುಮಯ್ಯ ತಳ್ಳಿದ.

ಅಡವಿಯಪ್ಪ ಓಡಲಿಲ್ಲ. ಅವ್ವನ ಮಗ್ಗುಲಿಗೆ ಸರಿದು ಇನ್ನೊಂದು ಸಸಿ ಕಿತ್ತು, ಮತ್ತೆ ಅಗೆಯತೊಡಗಿದ.

"ಇದ್ಯಾರಿಗಲಾ?"

ಅಡವಿಯಪ್ಪ ಗುದ್ದಲಿ ಹಾಕುತ್ತಲೇ ಇದ್ದ, ಉಳಿದವರು ಮುದುಕಿಯ ಮೇಲೆ ಮಣ್ಣೆಳೆದರು. ಗಂಗಹನುಮಯ್ಯ ಮುದುಕಿಯ ಮಾತು ನೆನೆದು, ಹೋಗಿ ಜಾಲಿಮುಳ್ಳೊಂದು ಮುರಿದು ತಂದ.

ಜೀಪು ನಿಂತಾಗ ಗುಂಡಿ ಅಡವಿಯಪ್ಪನ ಮೊಣಕಾಲು ಮುಟ್ಟಿತ್ತು. ಪೊಲೀಸರಿಗಿಂತ ಮೊದಲು ಸದಾಶಿವಯ್ಯ ಜೀಪಿನಿಂದ ಧುಮುಕಿದ. "ಹೆಣ ಹೂತಿದ್ದು ಸಾಲ್ದು ಅಂತ ಇದು ಬೇರೆ ಯಾವನ್ಗಲಾ ಸೂಳೆಮಗನೆ?" ಎನ್ನುತ್ತ ನುಗ್ಗಿದವನು ಅಂಚಿನಲ್ಲಿ ತಾನಾಗಿ ನಿಂತುಬಿಟ್ಟ.

ಅಡವಿಯಪ್ಪ ತಲೆಯೆತ್ತಿದ. ಟವಲು ಹೆಗಲ ಮೇಲೇ ಇತ್ತು. ಗಂಗಹನುಮಯ್ಯನ ಕೈಯಿಂದ ಮುಳ್ಳು ಈಸಿಕೊಂಡು, ಗುಂಡಿಯೊಳಗೆ ಹಾಕದೆ ದೂರ ಎಸೆದ.

"ಬರೀ ಗುಂಡಿ ಹೆಣ ಕೇಳ್ತದೆ ಅಂತಿದ್ಲು ನಮ್ಮವ್ವ. ಯಾರ್ದು ಅಂತ ಹೇಳಿರ್ಲಿಲ್ಲ."

ಸದಾಶಿವಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಪೊಲೀಸರು ಲಾಠಿ ಹಿಡಿದು ಜೀಪಿನಿಂದ ಇಳಿಯುತ್ತಿದ್ದರು. ಅಡವಿಯಪ್ಪ ಅಂಗೈಗೆ ಉಗುಳಿಕೊಂಡು ಮತ್ತೆ ಗುದ್ದಲಿ ಎತ್ತಿದ.